ಲೆಫ್ಟ್ ಕಾರ್ನರ್ ಯಾರು?

ಮೊದಲೇ ಹೇಳಿಬಿಡ್ತೇನೆ, ನಾನು ಎಲ್‌ಕೆಜಿಯಿಂದ ಪಿಯುಸಿ ತನಕ ಓದಿದ್ದು ಇಂಗ್ಲಿಷ್ ಮೀಡಿಯಂನಲ್ಲಿ. ಕನ್ನಡ ಸೆಕೆಂಡ್ ಲ್ಯಾಂಗ್ವೇಜ್, ಮನೆಯಲ್ಲಿ ತುಳು. ಒತ್ತು, ದೀರ್ಘ ಎಲ್ಲಾದರೂ ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಿ.

ನಮ್ಮ ಕ್ಲಬ್ಬಿನ ಸೀನಿಯರ್ ಅಕ್ಕ ಒಬ್ಬರು, "ನೀನು ಕ್ಯಾಂಟೀನ್‌ನಲ್ಲಿ ಕೂತು ಬರೀ ಕಬಡ್ಡಿ ಮಾತಾಡ್ತೀಯಲ್ಲ, ಮುಂದಿನ ಪ್ರೊ ಕಬಡ್ಡಿ ಸೀಸನ್‌ಗೆ ಒಂದು ಮುನ್ನೋಟ ಬರೆದುಕೊಡು" ಅಂದರು. ಹೂಂ ಅಂದುಬಿಟ್ಟೆ. ಆಮೇಲೆ ಯೋಚನೆ ಆಯಿತು, ಆಟಗಾರರ ಹರಾಜೇ ಆಗಿಲ್ಲ, ಯಾರು ಯಾವ ತಂಡದಲ್ಲಿ ಇರ್ತಾರೆ ಅಂತ ಗೊತ್ತಾಗದೆ ಎಂತ ಬರೆಯುವುದು? ಆದ್ದರಿಂದ ಹಿಂದಿನ ಎರಡು ಸೀಸನ್‌ಗೆ ನಾನು ಬರೆದ ಮುನ್ನೋಟದ ಕಥೆಯನ್ನೇ ಇಲ್ಲಿ ಬರೀತಾ ಇದ್ದೇನೆ. ಎರಡೂ ತಲೆಕೆಳಗಾದವು. ಎರಡನೆಯದು ತಲೆಕೆಳಗಾಗುವಾಗ ನನ್ನ ಮಾತಿನಿಂದ ಒಬ್ಬರಿಗೆ ನೋವೂ ಆಯಿತು.

ನಮ್ಮ ಮನೆ ಕಲ್ಯಾಣಪುರದಲ್ಲಿ. ಸಂತೆಕಟ್ಟೆಯಲ್ಲಿ ಬಸ್ ಇಳಿದು ಒಳಗೆ ಬಂದರೆ ಮಿಲಾಗ್ರಿಸ್ ಚರ್ಚು, ಕಾಲೇಜು, ಮುಂದೆ ಹೋದರೆ ಸ್ವರ್ಣಾ ನದಿ. ನಮ್ಮ ಮನೆಯಿಂದ ಎರಡು ಗದ್ದೆ ದಾಟಿದರೆ ದೊಡ್ಡಮ್ಮನ ಮನೆ. ದೊಡ್ಡಮ್ಮನ ಮಗ ನನಗಿಂತ ಏಳು ವರ್ಷ ದೊಡ್ಡವನು. ಇಲ್ಲಿ ಅವನನ್ನು ಅಣ್ಣ ಅಂತಲೇ ಬರೀತೇನೆ. ಅಣ್ಣ ಒಂದು ಸೊಸೈಟಿಯ ಪಿಗ್ಮಿ ಕಲೆಕ್ಷನ್ ಮಾಡುತ್ತಾನೆ. ಪಿಗ್ಮಿ ಅಂದರೆ ಗೊತ್ತಲ್ಲ, ದಿನದ ಉಳಿತಾಯವನ್ನು ಅಂಗಡಿ, ಮನೆ ಬಾಗಿಲಿಗೇ ಬಂದು ತಗೊಂಡು ಹೋಗುವುದು. 1928ರಲ್ಲಿ ನಮ್ಮ ಉಡುಪಿಯ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ್ದು, ಆಗ ದಿನಕ್ಕೆ ಎರಡಾಣೆ. ಅಣ್ಣ ಸಂಜೆ ಸಂತೆಕಟ್ಟೆಯ ಅಂಗಡಿಗಳನ್ನು ಮುಗಿಸಿ, ಬೈಕ್ ನಿಲ್ಲಿಸಿ, ಬಲಗಾಲನ್ನು ಸ್ವಲ್ಪ ಎಳೆದುಕೊಂಡು ಜಗಲಿ ಹತ್ತುತ್ತಾನೆ. ಅವನ ಮೊಣಕಾಲು ಆಪರೇಷನ್ ಆದದ್ದು. ಅದಕ್ಕೆ ಮೊದಲು ಅವನು ಕಬಡ್ಡಿ ಆಡುತ್ತಿದ್ದ, ಲೆಫ್ಟ್ ಕಾರ್ನರ್.

ನಮ್ಮ ಕಡೆಯವರಿಗೆ ಹೊನಲು ಬೆಳಕಿನ ಕಬಡ್ಡಿ ಪಂದ್ಯಾಟ ಅಂದರೆ ವಿವರಿಸುವುದು ಬೇಡ. ಮಳೆ ನಿಂತು ಗದ್ದೆ ಒಣಗಿದ ಮೇಲೆ ಊರಿಗೊಂದು ಫ್ಲೆಕ್ಸ್ ಏಳುತ್ತದೆ. ರಾತ್ರಿ ಹನ್ನೊಂದಕ್ಕೆ ಕ್ವಾರ್ಟರ್ ಫೈನಲ್, ಬೆಳಗಿನ ಜಾವಕ್ಕೆ ಫೈನಲ್. ಚರುಮುರಿ, ಆಮ್ಲೆಟ್, ಮೈಕಿನಲ್ಲಿ ಗಂಟಲು ಹೋದ ವೀಕ್ಷಕ ವಿವರಣೆಗಾರ. ನಾನು ಅಪ್ಪನ ಹೆಗಲ ಮೇಲೆ ಕೂತು ಅಣ್ಣನ ಆಟ ನೋಡಿದ್ದೇನೆ.

ಪ್ರೊ ಕಬಡ್ಡಿ ಶುರುವಾದದ್ದು 2014ರಲ್ಲಿ. ನಾನು ಮತ್ತು ಅಣ್ಣ ಮುನ್ನೋಟ ಬರೆಯಲು ಶುರು ಮಾಡಿದ್ದು 2016ರಲ್ಲಿ, ನನಗೆ ಹತ್ತು ವರ್ಷ ಇರುವಾಗ. ಒಂದು ಲಾಂಗ್ ನೋಟ್‌ಬುಕ್, ಎಡಗಡೆ ಅವನ ಪಟ್ಟಿ, ಬಲಗಡೆ ನನ್ನದು. ಸೀಸನ್ ಮುಗಿದ ಮೇಲೆ ಕೆಂಪು ಪೆನ್ನಿನಲ್ಲಿ ಸರಿ, ತಪ್ಪು. ಆ ಪುಸ್ತಕದ ಮೊದಲ ಪುಟದಲ್ಲಿ ಇರುವುದು ಗಂಡಸರ ಲೀಗೇ ಅಲ್ಲ. ಆ ವರ್ಷ ಅದರ ಜೊತೆಗೆ ಮಹಿಳೆಯರಿಗೆ ಮೂರು ತಂಡಗಳ ಒಂದು ಚಾಲೆಂಜ್ ನಡೆದಿತ್ತು. ಫೈರ್ ಬರ್ಡ್ಸ್ ತಂಡಕ್ಕೆ ನಮ್ಮ ಕಾರ್ಕಳ ತಾಲೂಕಿನ ಮಮತಾ ಪೂಜಾರಿ ಕ್ಯಾಪ್ಟನ್, ಸ್ಟಾರ್ಮ್ ಕ್ವೀನ್ಸ್‌ಗೆ ಕರ್ನಾಟಕದವರೇ ಆದ ತೇಜಸ್ವಿನಿ ಬಾಯಿ. ಇಬ್ಬರೂ ಅರ್ಜುನ ಪ್ರಶಸ್ತಿ ಪಡೆದವರು. ಅಣ್ಣ ಕಣ್ಣು ಮುಚ್ಚಿ ಮಮತಾ ಅಂತ ಬರೆದಿದ್ದ. ಫೈನಲ್‌ನಲ್ಲಿ ಒಂದೇ ಒಂದು ಪಾಯಿಂಟ್‌ನಿಂದ ಸೋತರು. "ಮುಂದಿನ ಸಲ ನೋಡುವ" ಅಂದ ಅಣ್ಣ. ಆ ಚಾಲೆಂಜ್‌ಗೆ ಮುಂದಿನ ಸಲ ಬರಲೇ ಇಲ್ಲ. ಮುನ್ನೋಟ ಬರೆಯಬೇಕಾದರೂ ಮುಂದೊಂದು ಸೀಸನ್ ಇರಬೇಕು ಅಂತ ಆವಾಗ ನನಗೆ ಹೊಳೆದಿರಲಿಲ್ಲ.

ಪುಸ್ತಕದಲ್ಲಿ ಖುಷಿಯ ಪುಟವೂ ಉಂಟು. 2019ರ ಜನವರಿ 5ರಂದು ಬೆಂಗಳೂರು ಬುಲ್ಸ್ ಗುಜರಾತನ್ನು 38-33ರಿಂದ ಸೋಲಿಸಿ ಚಾಂಪಿಯನ್ ಆದದ್ದು. ಪವನ್ ಸೆಹ್ರಾವತ್ ಒಬ್ಬನೇ 22 ಪಾಯಿಂಟ್. ಆ ಪುಟದಲ್ಲಿ ನಾನು ಕೆಂಪು ಪೆನ್ನಿನಿಂದ ಪಟಾಕಿ ಬಿಡಿಸಿದ್ದೇನೆ. ಅದೇ ವರ್ಷದ ಕೊನೆಗೆ ಅಣ್ಣನ ಕಾಲು ಹೋಯಿತು. ಹೇಗೆ ಹೋಯಿತು ಅಂತ ಸರಿಯಾಗಿ ಯಾರೂ ನನಗೆ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. "ಮ್ಯಾಚಲ್ಲಿ ಬಿದ್ದ" ಅಷ್ಟೇ ಗೊತ್ತಿದ್ದದ್ದು.

ಈಗ ಮೊದಲನೇ ತಪ್ಪು ಮುನ್ನೋಟಕ್ಕೆ ಬರ್ತೇನೆ. 2024ರ ಅಕ್ಟೋಬರ್, ಹನ್ನೊಂದನೇ ಸೀಸನ್. ನಾನು ಫಸ್ಟ್ ಸೆಮ್. ಆಗಷ್ಟೇ ಪೈಥಾನ್ ಕಲಿಯಲು ಶುರು ಮಾಡಿದ್ದೆ, ತಲೆ ನಿಲ್ತಾ ಇರಲಿಲ್ಲ. ಎಲ್ಲ ತಂಡದ ರೈಡರ್‌ಗಳ ಹಳೇ ಪಾಯಿಂಟ್, ಡಿಫೆಂಡರ್‌ಗಳ ಟ್ಯಾಕಲ್ ಪಾಯಿಂಟ್, ಹರಾಜಿನ ಬೆಲೆ ಎಲ್ಲ ಹಾಕಿ ಒಂದು ಪ್ರೋಗ್ರಾಂ ಬರೆದೆ. ಬುಲ್ಸ್ 70 ಲಕ್ಷಕ್ಕೆ ಪರ್ದೀಪ್ ನರ್ವಾಲ್‌ನನ್ನು ತಗೊಂಡಿತ್ತು. ಪ್ರೊ ಕಬಡ್ಡಿಯಲ್ಲಿ ಅವನಷ್ಟು ರೈಡ್ ಪಾಯಿಂಟ್ ಯಾರೂ ಮಾಡಿದ್ದಿಲ್ಲ. ಜೊತೆಗೆ ಕೋಟಿ ಮೀರಿದ ಬೆಲೆಗೆ ಅಜಿಂಕ್ಯ ಪವಾರ್. ನನ್ನ ಪ್ರೋಗ್ರಾಂ ಬುಲ್ಸನ್ನು ಮೊದಲ ಮೂರರಲ್ಲಿ ಇಟ್ಟಿತು. ಅದನ್ನು ಕ್ಲಾಸ್ ಗ್ರೂಪ್‌ಗೆ ಹಾಕಿ ಎಪ್ಪತ್ತು ಲೈಕ್ ತಗೊಂಡೆ.

ಲ್ಯಾಪ್‌ಟಾಪ್ ಹಿಡಿದುಕೊಂಡು ಅಣ್ಣನ ಹತ್ತಿರ ಹೋದೆ. ಅವನು ಗ್ರಾಫ್ ಎಲ್ಲ ನೋಡಿ ಒಂದೇ ಪ್ರಶ್ನೆ ಕೇಳಿದ.

"ಲೆಫ್ಟ್ ಕಾರ್ನರ್ ಯಾರು?"

"ಎಂತ ಅಣ್ಣ, ಇಷ್ಟೆಲ್ಲ ಮಾಡಿದ್ದೇನೆ..."

"ಅಲ್ಲ ಮಾರಾಯ, ಎಲ್ಲ ಸರಿ. ಲೆಫ್ಟ್ ಕಾರ್ನರ್ ಯಾರು?"

ನನಗೆ ಹೇಳಲಿಕ್ಕೆ ಆಗಲಿಲ್ಲ. ನನ್ನ ಶೀಟ್‌ನಲ್ಲಿ ಡಿಫೆಂಡರ್ ಅಂತ ಒಂದೇ ಕಾಲಂ ಇತ್ತು.

ಸೀಸನ್ ಹೇಗಾಯಿತು ಅಂತ ಬುಲ್ಸ್ ಫ್ಯಾನ್‌ಗಳಿಗೆ ನೆನಪು ಮಾಡುವುದು ಪಾಪ. ಹೈದರಾಬಾದ್‌ನಲ್ಲಿ ಮೊದಲ ಮ್ಯಾಚ್‌ನಲ್ಲೇ ತೆಲುಗು ಟೈಟನ್ಸ್ ಎದುರು 37-29ರ ಸೋಲು. ಆಮೇಲೆ ನಿಲ್ಲಲೇ ಇಲ್ಲ. 22 ಮ್ಯಾಚ್‌ನಲ್ಲಿ ಗೆದ್ದದ್ದು ಎರಡು. ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ. ಕ್ಲಾಸಿನವರು ನನಗೆ ಒಂದು ತಿಂಗಳು "ಟಾಪ್ ತ್ರೀ" ಅಂತ ಹೆಸರಿಟ್ಟಿದ್ದರು.

ಕಬಡ್ಡಿ ಅಷ್ಟು ಗೊತ್ತಿಲ್ಲದವರಿಗೆ ಇಲ್ಲಿ ಸ್ವಲ್ಪ ವಿವರಿಸಬೇಕು, ಇಲ್ಲದಿದ್ದರೆ ಅಣ್ಣನ ಪ್ರಶ್ನೆ ಅರ್ಥ ಆಗುವುದಿಲ್ಲ. ಅಂಕಣದಲ್ಲಿ ಏಳು ಜನ ಡಿಫೆನ್ಸ್‌ಗೆ ನಿಲ್ಲುತ್ತಾರೆ. ಎರಡು ತುದಿಯಲ್ಲಿ ನಿಲ್ಲುವವರು ಕಾರ್ನರ್‌ಗಳು. ರೈಡರ್‌ಗೆ ಮೂವತ್ತು ಸೆಕೆಂಡ್. ಆರು ಅಥವಾ ಏಳು ಜನ ಎದುರಿಗಿದ್ದರೆ ಹಿಂದಿನ ಬೋನಸ್ ಗೆರೆ ದಾಟಿ ಕಾಲಿಟ್ಟರೆ ಒಂದು ಪಾಯಿಂಟ್ ಪುಕ್ಕಟೆ. ಆದ್ರೆ ಅಷ್ಟು ಒಳಗೆ ಬಂದರೆ ಪಾದ ಹಿಡಿಯಲು ಕಾದು ನಿಂತವನು ಕಾರ್ನರ್. ಕಾರ್ನರ್ ಒಳ್ಳೆಯವನಾದರೆ ರೈಡರ್ ಒಳಗೆ ಬರುವುದಕ್ಕೇ ಹೆದರುತ್ತಾನೆ. ಮುಂದೆಯೇ ಆ ಕಡೆ ಈ ಕಡೆ ಓಡಾಡಿ, ಮೂವತ್ತು ಸೆಕೆಂಡ್ ಕಳೆದು, ಬರಿಗೈಯಲ್ಲಿ ವಾಪಸ್ ಹೋಗುತ್ತಾನೆ. ಖಾಲಿ ರೈಡ್. ಹೀಗೆ ಎರಡು ಸಲ ಖಾಲಿ ಹೋದರೆ ಮೂರನೆಯದು ಡು ಆರ್ ಡೈ. ಪಾಯಿಂಟ್ ತರದಿದ್ದರೆ ರೈಡರೇ ಔಟ್. ಆಗ ಅವನು ವಿಧಿಯಿಲ್ಲದೆ ಮೈಮೇಲೆ ಬರುತ್ತಾನೆ, ಯಾವನೋ ಒಬ್ಬ ಕವರ್ ಆಟಗಾರ ಅಪ್ಪಿ ಹಿಡಿಯುತ್ತಾನೆ. ಸ್ಕೋರ್ ಶೀಟಲ್ಲಿ ಕವರ್‌ನ ಹೆಸರಿಗೆ ಒಂದು ಪಾಯಿಂಟ್. ಅದಕ್ಕೆ ಮೊದಲು ಎರಡು ರೈಡನ್ನು ಖಾಲಿ ಮಾಡಿದ ಕಾರ್ನರ್‌ನ ಹೆಸರಿಗೆ ಸೊನ್ನೆ.

ಕಾರ್ನರ್‌ಗಳಿಗೆ ಪಾಯಿಂಟೇ ಬರುವುದಿಲ್ಲ ಅಂತಲ್ಲ. ಟ್ಯಾಕಲ್ ಪಾಯಿಂಟ್ ಪಟ್ಟಿಯಲ್ಲಿ ಮೇಲೆ ಇರುವವರಲ್ಲಿ ಕಾರ್ನರ್‌ಗಳೇ ಜಾಸ್ತಿ. ಆದ್ರೆ ಅವರು ಹಿಡಿದದ್ದು ಮಾತ್ರ ಪಟ್ಟಿಯಲ್ಲಿ ಉಂಟು, ಹಿಡಿಯದೆ ತಡೆದದ್ದು ಇಲ್ಲ.

ಇದೆಲ್ಲ ನನಗೆ ಈಗ ಗೊತ್ತಿರುವುದು. ಕಳೆದ ಆಗಸ್ಟ್‌ನಲ್ಲಿ, ಅಂದರೆ 2025ರ ಹನ್ನೆರಡನೇ ಸೀಸನ್‌ಗೆ ಮೊದಲು, ನನಗೆ ಇಷ್ಟು ತಲೆಗೆ ಹೋಗಿರಲಿಲ್ಲ. ಟಾಪ್ ತ್ರೀ ಅವಮಾನ ತೀರಿಸಿಕೊಳ್ಳಬೇಕಿತ್ತು, ಪ್ರೋಗ್ರಾಂನ್ನು ಇನ್ನೂ ದೊಡ್ಡದು ಮಾಡಿದೆ. ಆ ಸಲದ ಹರಾಜಿನಲ್ಲಿ ಕೋಟಿ ದಾಟಿದವರೇ ಹತ್ತು ಮಂದಿ. ಶಾದ್ಲೂಯಿ 2.23 ಕೋಟಿಗೆ ಗುಜರಾತ್ ಜೈಂಟ್ಸ್‌ಗೆ. ಹಿಂದಿನ ಸೀಸನ್‌ನಲ್ಲಿ 301 ರೈಡ್ ಪಾಯಿಂಟ್ ಮಾಡಿದ ದೇವಾಂಕ್ ದಲಾಲ್ 2.205 ಕೋಟಿಗೆ ಬೆಂಗಾಲ್‌ಗೆ. ತಮಿಳ್ ತಲೈವಾಸ್‌ಗೆ ಅರ್ಜುನ್ ದೇಶ್ವಾಲ್ ಮತ್ತು ಪವನ್ ಇಬ್ಬರೂ. ನನ್ನ ಪಟ್ಟಿ: ಒಂದು ತಲೈವಾಸ್, ಎರಡು ಬೆಂಗಾಲ್, ಮೂರು ಗುಜರಾತ್. ಬುಲ್ಸ್ ಹನ್ನೊಂದು. ಪರ್ದೀಪ್ ಹರಾಜಿನಲ್ಲಿ ಯಾರಿಗೂ ಬೇಡವಾಗಿ ರಿಟೈರ್ ಆಗಿದ್ದ, ಹೆಸರು ಹೇಳುವಂಥ ರೈಡರ್ ಬುಲ್ಸ್‌ನಲ್ಲಿ ಒಬ್ಬನೂ ಇರಲಿಲ್ಲ.

ಅಣ್ಣನ ಪಟ್ಟಿ ಬೇರೆ ಇತ್ತು. ಚಾಂಪಿಯನ್ ಹರಿಯಾಣ, ಎರಡು ಡೆಲ್ಲಿ. ಬುಲ್ಸ್ ಮೊದಲ ಐದರ ಒಳಗೆ.

"ಐದರ ಒಳಗಾ? ಯಾರು ರೈಡ್ ಮಾಡುದು?"

"ಯಾರಾದ್ರೂ ಮಾಡ್ತಾನೆ. ಬಲಗಡೆ ಯೋಗೇಶ್, ಎಡಗಡೆ ಅಂಕುಶ್ ರಾಠಿ. ಎರಡೂ ಕಾರ್ನರ್‌ಗೆ ದುಡ್ಡು ಹಾಕಿದ್ದಾರೆ ನೋಡು. ಕೋಚ್ ಬಿ.ಸಿ. ರಮೇಶ್. ಬೆಂಗಾಲ್‌ಗೆ ಕಪ್ ಕೊಟ್ಟವರು, ಪುಣೆಗೆ ಕಪ್ ಕೊಟ್ಟವರು. ನಮ್ಮ ಕರ್ನಾಟಕದವರೇ."

"ಅದೆಲ್ಲ ಸೆಂಟಿಮೆಂಟ್ ಅಣ್ಣ. ಡೇಟಾ ಬೇಕಲ್ಲ."

"ಡೇಟಾದಲ್ಲಿ ಕಾಣುದಿಲ್ಲ ಅದು. ಆಡಿದವರಿಗೆ ಗೊತ್ತಾಗ್ತದೆ."

ಆಗ ನಾನು ಹೇಳಿದೆ. ಈಗ ಬರೆಯುವಾಗಲೂ ನಾಚಿಕೆ ಆಗ್ತದೆ. "ನೀನು ಆಡಿದ್ದು ಊರಿನ ಮ್ಯಾಚ್ ಅಲ್ವಾ? ಅದರಲ್ಲೂ ನಿಂಗೆ ಪಾಯಿಂಟ್ ಎಷ್ಟಿತ್ತು?"

ನಾನು ತಮಾಷೆಗೆ ಅಂದದ್ದು. ಅಣ್ಣ ಏನೂ ಹೇಳಲಿಲ್ಲ. ಪೆನ್ನಿನ ಕ್ಯಾಪ್ ಹಾಕಿದ. ಪಿಗ್ಮಿ ಮಷಿನ್ ಚಾರ್ಜಿಗೆ ಇಡಬೇಕು ಅಂತ ಎದ್ದು ಒಳಗೆ ಹೋದ. ಹತ್ತು ನಿಮಿಷ ಕಾದೆ, ಹೊರಗೆ ಬರಲಿಲ್ಲ. ಜಗಲಿಯ ಮೇಲೆ ನೋಟ್‌ಬುಕ್ ತೆರೆದೇ ಇತ್ತು, ಅವನ ಪಟ್ಟಿ ಅರ್ಧಕ್ಕೆ ನಿಂತಿತ್ತು. ಹೊರಗೆ ಮಳೆ.

ದೊಡ್ಡಮ್ಮ ಛತ್ರಿ ಕೊಡುವ ನೆಪದಲ್ಲಿ ನನ್ನ ಜೊತೆ ಗೇಟ್ ತನಕ ಬಂದರು. ಅವರು ಹೇಳಿದ ಮೇಲೆ ನನಗೆ ಗೊತ್ತಾದದ್ದು. 2019ರಲ್ಲಿ ಅಣ್ಣ ಒಂದು ತಂಡದ ಆಯ್ಕೆಗೆ ಹೋಗಿದ್ದನಂತೆ. ಕೊನೆಗೆ ಹದಿನಾಲ್ಕು ಜನರ ಪಟ್ಟಿ ಮಾಡುವಾಗ ಯಾರು ಎಷ್ಟು ಪಾಯಿಂಟ್ ಮಾಡಿದ್ದಾರೆ ಅಂತ ಶೀಟ್ ನೋಡಿ ಓದಿದರಂತೆ. ಡಿಫೆಂಡರ್‌ಗಳಲ್ಲಿ ಅಣ್ಣನದ್ದೇ ಕಮ್ಮಿ. ಅವನ ಹೆಸರು ಬರಲಿಲ್ಲ. ಮನೆಗೆ ಬಂದು ಎರಡು ದಿನ ಮಾತಾಡಲಿಲ್ಲ. ಮೂರನೇ ವಾರಕ್ಕೆ ಒಂದು ಹೊನಲು ಬೆಳಕಿನ ಪಂದ್ಯಾಟ. ಆವತ್ತು ಅವನು ಯಾವತ್ತಿನ ಹಾಗೆ ಕಾಯಲಿಲ್ಲವಂತೆ. ಕವರ್‌ನವನು ಹತ್ತಿರ ಬರುವ ಮೊದಲೇ, ಪ್ರತಿ ರೈಡ್‌ಗೂ ಒಬ್ಬನೇ ಹಾರಿ ಪಾದ ಹಿಡಿಯಲು ಹೋಗುತ್ತಿದ್ದನಂತೆ. ಎರಡು ಸಲ ಸಿಕ್ಕಿತು. ಮೂರನೇ ಸಲ ರೈಡರ್ ಎಳೆದುಕೊಂಡು ಹೋಗುವಾಗ ಇವನ ಮೊಣಕಾಲು ತಿರುಗಿತು. ಲಿಗಮೆಂಟ್.

"ಅವ ಹಾಗೆ ಆಡುವ ಹುಡುಗ ಅಲ್ಲ ಮಗಾ," ಅಂದರು ದೊಡ್ಡಮ್ಮ. "ಪಾಯಿಂಟ್ ತೋರಿಸ್ಬೇಕು ಅಂತ ಹೋದ." ಆಪರೇಷನ್‌ಗೆ ಅವರು ಬಳೆ ಅಡವಿಟ್ಟದ್ದೂ ನನಗೆ ಆವತ್ತೇ ಗೊತ್ತಾದದ್ದು.

ಮನೆಗೆ ಬಂದೆ. ಲ್ಯಾಪ್‌ಟಾಪ್ ತೆರೆದರೆ ಅದೇ ಶೀಟ್. ಅಣ್ಣನನ್ನು ಬಿಟ್ಟ ಆ ಪಟ್ಟಿಗೂ ನನ್ನದಕ್ಕೂ ಎಂತ ವ್ಯತ್ಯಾಸ? ಅವರು ಕಾಗದದಲ್ಲಿ ಮಾಡಿದ್ದರು, ನಾನು ಪೈಥಾನ್‌ನಲ್ಲಿ. ಆಗ 2022ರ ಒಂದು ದಿನ ನೆನಪಾಯಿತು. ಒಂಬತ್ತನೇ ಸೀಸನ್. ತಲೈವಾಸ್ ಪವನ್‌ಗೆ 2.26 ಕೋಟಿ ಕೊಟ್ಟಿತ್ತು, ಎಲ್ಲ ಮುನ್ನೋಟದಲ್ಲೂ ಅವರದ್ದೇ ಹೆಸರು. ಬೆಂಗಳೂರಿನ ಕಂಠೀರವದಲ್ಲಿ ಅವರ ಮೊದಲ ಮ್ಯಾಚ್. ಪವನ್ ಟ್ಯಾಕಲ್‌ಗೆ ಹೋಗಿ ಮೊಣಕಾಲು ಹಿಡಿದುಕೊಂಡು ಬಿದ್ದ, ಇಡೀ ಸೀಸನ್ ಅಲ್ಲಿಗೆ ಮುಗಿಯಿತು. ಟಿವಿಯಲ್ಲಿ ಅದನ್ನು ಮತ್ತೆ ಮತ್ತೆ ನಿಧಾನವಾಗಿ ತೋರಿಸುವಾಗ ಅಣ್ಣ ಎದ್ದು ಬಾವಿ ಕಟ್ಟೆಯ ಹತ್ತಿರ ಹೋಗಿ ನಿಂತಿದ್ದ. ನಾನು "ಅಯ್ಯೋ, ನನ್ನ ಮುನ್ನೋಟ ಹೋಯ್ತು" ಅಂತ ಕೂಗ್ತಾ ಇದ್ದೆ.

ನಮ್ಮ ಮನೆಗಳಲ್ಲಿ ಸಾರಿ ಕೇಳುವ ಅಭ್ಯಾಸ ಇಲ್ಲ. ಮೂರು ದಿನ ಬಿಟ್ಟು, ಶನಿವಾರ ಅಣ್ಣನ ಬೈಕ್ ಹಿಂದೆ ಕೂತು ಪಿಗ್ಮಿ ಕಲೆಕ್ಷನ್‌ಗೆ ಹೋದೆ. ಮೀನಿನ ಅಂಗಡಿ, ಜ್ಯೂಸ್ ಸೆಂಟರ್, ಟೈಲರ್. ಐವತ್ತು, ನೂರು, ಒಂದು ಕಡೆ ಇಪ್ಪತ್ತು. ಪ್ರತಿಯೊಂದಕ್ಕೂ ಮಷಿನ್‌ನಿಂದ ಚೀಟಿ. ಕೊನೆಯ ಅಂಗಡಿಯಲ್ಲಿ ಸೋಡಾ ಶರಬತ್ತು ಕುಡಿಯುವಾಗ ಕೇಳಿದೆ, "ಅಣ್ಣ, ಲೆಫ್ಟ್ ಕಾರ್ನರ್ ಎಂತ ಮಾಡ್ತಾನೆ ಅಂತ ಸರಿಯಾಗಿ ಹೇಳು." ಅವನು ನನ್ನನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಟೇಬಲ್ ಮೇಲೆ ಏಳು ಬಾಟಲಿ ಮುಚ್ಚಳ ಇಟ್ಟು ಶುರು ಮಾಡಿದ. ಮೇಲೆ ನಾನು ವಿವರಿಸಿದ್ದೆಲ್ಲ ಆ ಮುಚ್ಚಳಗಳಿಂದ ಕಲಿತದ್ದು.

ಆಗಸ್ಟ್ 29ಕ್ಕೆ ವಿಶಾಖಪಟ್ಟಣದಲ್ಲಿ ಸೀಸನ್ ಶುರುವಾಯಿತು. ಬುಲ್ಸ್‌ಗೆ ಮೊದಲ ಮ್ಯಾಚ್ ಪುಣೇರಿ ಪಲ್ಟನ್ ಜೊತೆ ಟೈ, ಟೈ ಬ್ರೇಕರ್‌ನಲ್ಲಿ ಸೋಲು. ನಾನು ಒಳಗೊಳಗೇ ಸ್ವಲ್ಪ ಖುಷಿಪಟ್ಟೆ, ಸುಳ್ಳು ಹೇಳುವುದಿಲ್ಲ. ಆದ್ರೆ ಆಮೇಲೆ ತಂಡ ಕುದುರಿತು. ನನ್ನ ಶೀಟ್‌ನಲ್ಲಿ ಹೆಸರೇ ಇಲ್ಲದ ಇರಾನಿನ ಅಲಿರೇಝಾ ಮಿರ್ಜಾಯನ್ ರೈಡ್ ಮಾಡಿದ. "ಯಾರಾದ್ರೂ ಮಾಡ್ತಾನೆ" ಅಂದಿದ್ದನಲ್ಲ ಅಣ್ಣ. ಹಿಂದೆ ಯೋಗೇಶ್, ಜೊತೆಗೆ ಹೊಸ ಹುಡುಗ ದೀಪಕ್ ಶಂಕರ್. ಲೀಗ್ ಮುಗಿಯುವಾಗ ಬುಲ್ಸ್ ಮೂರನೇ ಸ್ಥಾನ. ಪ್ಲೇಆಫ್‌ನಲ್ಲಿ ಟೈಟನ್ಸ್‌ಗೆ ಸೋತು, ಆಮೇಲೆ ಪಾಟ್ನಾಕ್ಕೆ ಸೋತು ಹೊರಗೆ ಬಂತು. ಕಪ್ ಬರಲಿಲ್ಲ, ಆದ್ರೆ ಹನ್ನೆರಡರಿಂದ ಮೂರು!

ನನ್ನ ಮೊದಲ ಮೂರು ತಂಡಗಳು, ತಲೈವಾಸ್, ಬೆಂಗಾಲ್, ಗುಜರಾತ್? ಮೂರೂ ಮೊದಲ ಎಂಟರಲ್ಲಿ ಇಲ್ಲ. ಹರಾಜಿನಲ್ಲಿ ಅತಿ ಹೆಚ್ಚು ಬೆಲೆಗೆ ಹೋದ ಇಬ್ಬರೂ ಪ್ಲೇಆಫ್‌ನ್ನು ಮನೆಯಲ್ಲಿ ಕೂತು ನೋಡಿದರು. ಅಣ್ಣನದ್ದೂ ಪೂರ್ತಿ ಸರಿಯಾಗಲಿಲ್ಲ. ಅವನ ಚಾಂಪಿಯನ್ ಹರಿಯಾಣ ಫೈನಲ್ ತನಕವೂ ಬರಲಿಲ್ಲ. ಅಕ್ಟೋಬರ್ 31ರ ಫೈನಲ್‌ನಲ್ಲಿ ದಬಂಗ್ ಡೆಲ್ಲಿ 31-28ರಿಂದ ಪುಣೇರಿ ಪಲ್ಟನ್‌ನ್ನು ಸೋಲಿಸಿತು. ಕೊನೆ ಗಳಿಗೆಯಲ್ಲಿ ಪುಣೆ ಹತ್ತಿರ ಬಂದಾಗ ರೈಡರ್‌ನನ್ನು ಹಿಡಿದು ಮ್ಯಾಚ್ ಉಳಿಸಿದವನು ಫಝೆಲ್ ಅತ್ರಾಚಲಿ. ಅವನು ಯಾವ ಜಾಗದಲ್ಲಿ ಆಡುತ್ತಾನೆ ಅಂತ ನಾನು ಬರೆಯಬೇಕಾ? ಅಣ್ಣ ಏನೂ ಮಾತಾಡಲಿಲ್ಲ, ಸುಮ್ಮನೆ ನನ್ನ ಬೆನ್ನಿಗೆ ಒಂದು ಗುದ್ದಿದ.

ಡಿಸೆಂಬರ್‌ನಲ್ಲಿ ಅಣ್ಣ ಮತ್ತು ನಾನು ಕೆಮ್ಮಣ್ಣು ಕಡೆ ಒಂದು ಪಂದ್ಯಾಟಕ್ಕೆ ಹೋದೆವು. ಪುಸ್ತಕದಲ್ಲಿ ಹೊಸ ಕಾಲಂ ಹಾಕಿಕೊಂಡಿದ್ದೆ: ಖಾಲಿ ರೈಡ್, ಯಾರಿಂದ? ಮೊದಲ ಐದು ನಿಮಿಷ ಗೆರೆ ಎಳೆದೆ. ಆಮೇಲೆ ಪೆನ್ ನಿಂತಿತು. ರೈಡರ್ ವಾಪಸ್ ಹೋದದ್ದು ಎಡಗಡೆಯವನು ಅರ್ಧ ಹೆಜ್ಜೆ ಮುಂದೆ ಇಟ್ಟದ್ದಕ್ಕಾ, ಅಥವಾ ಅವನ ಕೈ ಹಿಡಿದುಕೊಂಡಿದ್ದ ಪಕ್ಕದವನು ಎಳೆದದ್ದಕ್ಕಾ? ಅಥವಾ ರೈಡರ್‌ಗೇ ಸುಸ್ತಾ? ಒಂದು ಖಾಲಿ ರೈಡನ್ನು ಒಬ್ಬನ ಖಾತೆಗೆ ಹಾಕುವುದೇ ಕಷ್ಟ. ಅದಕ್ಕೇ ಯಾರೂ ಎಣಿಸುವುದಿಲ್ಲ. ಎಣಿಸಲಿಕ್ಕೆ ಸುಲಭವಾದದ್ದನ್ನು ಎಣಿಸಿ, ಅದೇ ಆಟ ಅಂದುಕೊಳ್ಳುತ್ತೇವೆ. ನಮ್ಮ ಸಿಜಿಪಿಎ ಬಗ್ಗೆಯೂ ಇದನ್ನೇ ಹೇಳಬಹುದಿತ್ತು, ಆದ್ರೆ ನನ್ನದು ಅಷ್ಟು ಚೆನ್ನಾಗಿಲ್ಲದ ಕಾರಣ ನೀವು ನಂಬಲಿಕ್ಕಿಲ್ಲ.

ಅಣ್ಣನಿಗೆ ಪುಸ್ತಕ ತೋರಿಸಿ, "ಇದನ್ನು ಎಣಿಸ್ಲಿಕ್ಕೆ ಆಗುದಿಲ್ಲ ಮಾರಾಯ" ಅಂದೆ. ಅವನು ಅಂಕಣದಿಂದ ಕಣ್ಣು ತೆಗೆಯದೆ ಹೇಳಿದ, "ಆಗುದಿಲ್ಲ. ಆದ್ರೂ ನೋಡು. ಆ ನೀಲಿ ಬನಿಯನ್ ಹುಡುಗನ ಕಾಲು ನೋಡು." ಲೆಫ್ಟ್ ಕಾರ್ನರ್‌ನಲ್ಲಿ ಒಬ್ಬ ಹುಡುಗ, ಹದಿನಾರೋ ಹದಿನೇಳೋ ಇರಬಹುದು. ಇಡೀ ಮ್ಯಾಚ್‌ನಲ್ಲಿ ಅವನಿಗೆ ಒಂದೋ ಎರಡೋ ಪಾಯಿಂಟ್. ಮೈಕಿನವರು ಅವನ ಹೆಸರು ಸರಿಯಾಗಿ ಹೇಳಲೂ ಇಲ್ಲ. ಮ್ಯಾಚ್ ಮುಗಿದ ಮೇಲೆ ಅಣ್ಣ ಕಾಲು ಎಳೆದುಕೊಂಡು ಹೋಗಿ ಆ ಹುಡುಗನ ಹತ್ತಿರ ಏನೋ ಹೇಳಿ ಬಂದ. ಎಂತ ಹೇಳಿದೆ ಅಂತ ಕೇಳಿದೆ. "ಕವರ್ ಬರುವ ತನಕ ಕಾಯ್ಬೇಕು ಅಂದೆ," ಅಂದ.

ಮುಂದಿನ ಸೀಸನ್‌ಗೆ ಮುನ್ನೋಟ ಕೇಳಿದ ಅಕ್ಕನಿಗೆ ನನ್ನ ಉತ್ತರ ಇಷ್ಟೇ. ಹರಾಜು ಆಗಲಿ, ತಂಡಗಳು ಗೊತ್ತಾಗಲಿ, ಹದಿಮೂರನೇ ಸೀಸನ್‌ಗೂ ನಮ್ಮ ಪುಸ್ತಕದಲ್ಲಿ ಎಡಗಡೆ ಒಂದು, ಬಲಗಡೆ ಒಂದು ಪಟ್ಟಿ ಇರುತ್ತದೆ. ಖಂಡಿತ ಎರಡೂ ತಪ್ಪಾಗುತ್ತದೆ. ಪ್ರೋಗ್ರಾಂ ಡಿಲೀಟ್ ಮಾಡಿಲ್ಲ, ಡಿಫೆಂಡರ್ ಕಾಲಂನ್ನು ಏಳು ಮಾಡಿದ್ದೇನೆ. ನೀವೂ ನಿಮ್ಮ ಪಟ್ಟಿ ಮಾಡಿ ನನಗೆ ಕಳಿಸಿ. ಬುಲ್ಸನ್ನು ಎಷ್ಟನೇ ಸ್ಥಾನದಲ್ಲಿ ಬೇಕಾದರೂ ಇಡಿ, ಜಗಳ ಮಾಡುವುದಿಲ್ಲ. ಲೆಫ್ಟ್ ಕಾರ್ನರ್ ಯಾರು ಅಂತ ಮಾತ್ರ ಬರೆಯಲು ಮರೆಯಬೇಡಿ. ಅಣ್ಣ ಮೊದಲು ಅದನ್ನೇ ಕೇಳುವುದು.